ಸ್ಕ್ಯಾನ್ ನಾರ್ಮಲ್ ಎನ್ನುತ್ತಾರೆ, ತಮ್ಮ ಮೊದಲಿನಂತಿಲ್ಲ: ನ್ಯೂರೋಸೈಕಾಲಜಿ ಪರೀಕ್ಷೆ ಮಾಡಿಸಬೇಕೇ?

ಪ್ರಶ್ನೆ: ಹಾವೇರಿಯ ಅಕ್ಕ

ಎಲ್ಲರಿಗೂ ನಮಸ್ಕಾರ. ನನ್ನ ತಮ್ಮನಿಗೆ 31 ವರ್ಷ. ಬ್ಯಾಡಗಿಯ ಮೆಣಸಿನಕಾಯಿ ಪೇಟೆಯ ಒಂದು ದಲಾಲಿ ಅಂಗಡಿಯಲ್ಲಿ ಒಂಬತ್ತು ವರ್ಷಗಳಿಂದ ಗುಮಾಸ್ತನಾಗಿದ್ದಾನೆ. ಕಳೆದ ಕಾರ್ತೀಕದಲ್ಲಿ ರಾತ್ರಿ ಅಂಗಡಿ ಮುಗಿಸಿ ಬರುವಾಗ, ಮೋಟೆಬೆನ್ನೂರಿನ ಹತ್ತಿರ ಹಿಂದೀಪವಿಲ್ಲದೆ ರಸ್ತೆಯ ಮೇಲೆಯೇ ನಿಲ್ಲಿಸಿದ್ದ ಟ್ರ್ಯಾಕ್ಟರ್ ಟ್ರೇಲರಿಗೆ ಅವನ ಬೈಕು ಹೊಡೆಯಿತು. ತಲೆಗೆ ಹೆಲ್ಮೆಟ್ ಇರಲಿಲ್ಲ. ಹುಬ್ಬಳ್ಳಿಯ ಒಂದು ಆಸ್ಪತ್ರೆಯಲ್ಲಿ ತಲೆಯ ಎಡ ಮುಂಭಾಗದಲ್ಲಿ ಹೆಪ್ಪುಗಟ್ಟಿದ್ದ ರಕ್ತವನ್ನು ಆಪರೇಷನ್ ಮಾಡಿ ತೆಗೆದರು. ಒಂಬತ್ತು ದಿನ ಐಸಿಯು, ಒಟ್ಟು ಇಪ್ಪತ್ತನಾಲ್ಕು ದಿನ ಆಸ್ಪತ್ರೆ. ಅಲ್ಲಿದ್ದಾಗ ಒಮ್ಮೆ ಫಿಟ್ಸ್ ಬಂದದ್ದರಿಂದ ಇಂದಿಗೂ ಅದರ ಗುಳಿಗೆ ನಡೆದಿದೆ.

ಈಗ ನಾಲ್ಕೂವರೆ ತಿಂಗಳಾಯಿತು. ಕೈಕಾಲು ಚೆನ್ನಾಗಿವೆ, ಮಾತು ಚೆನ್ನಾಗಿದೆ. ಹೋದ ವಾರ ಮತ್ತೆ ಸ್ಕ್ಯಾನ್ ಮಾಡಿದ ವೈದ್ಯರು ಎಲ್ಲವೂ ನಾರ್ಮಲ್ ಇದೆ, ಕೆಲಸಕ್ಕೆ ಕಳಿಸಿರಿ ಎಂದರು. ನಾವು ಮನೆಯಲ್ಲಿನ ಪರಿಸ್ಥಿತಿ ಹೇಳಲು ಹೋದರೆ ಕೇಳುವಷ್ಟು ವ್ಯವಧಾನ ಅವರಿಗಿರಲಿಲ್ಲ. ಮೊದಲು ಸೋಮವಾರ, ಗುರುವಾರದ ಟೆಂಡರಿನಲ್ಲಿ ನಲವತ್ತು ಲಾಟುಗಳ ದರವನ್ನು ಬಾಯಲ್ಲೇ ಇಟ್ಟುಕೊಂಡು ತಿರುಗುತ್ತಿದ್ದವನು, ಈಗ ಒಬ್ಬ ರೈತನ ಪಟ್ಟಿ (ಮಾಲಿನ ಲೆಕ್ಕದ ಚೀಟಿ) ಬರೆಯಲು ಕುಳಿತರೆ ಚೀಲಗಳ ಲೆಕ್ಕ ಬರೆದು, ತೂಕ ಬರೆಯುವ ಹೊತ್ತಿಗೆ ಪೆನ್ನು ಹಿಡಿದುಕೊಂಡು ಸುಮ್ಮನೆ ಕೂರುತ್ತಾನೆ. ತಾಟು ಮುಂದಿಟ್ಟರೂ "ಊಟಾ ಮಾಡಪಾ" ಎಂದು ಯಾರಾದರೂ ಹೇಳುವವರೆಗೆ ಕೈ ಹಾಕುವುದಿಲ್ಲ. ಮಗಳು ಸ್ವಲ್ಪ ಗದ್ದಲ ಮಾಡಿದರೆ ಎದ್ದು ಹೊಡೆಯಲು ಹೋಗುತ್ತಾನೆ, ಹತ್ತು ನಿಮಿಷಕ್ಕೆ ಅದನ್ನು ಮರೆತಿರುತ್ತಾನೆ. ಕೇಳಿದರೆ, "ನನಗೇನ್ ಆಗೇತಿ? ನಿಮಗ ತಲಿ ಕೆಟ್ಟೈತಿ" ಎನ್ನುತ್ತಾನೆ.

ಪರಿಚಯದ ಒಬ್ಬರು ನ್ಯೂರೋಸೈಕಾಲಜಿ ಪರೀಕ್ಷೆ ಮಾಡಿಸಿರಿ, ಧಾರವಾಡದಲ್ಲಿ ಆಗುತ್ತದೆ ಎಂದರು. "ಧಾರವಾಡಕ್ಕ ಒಯ್ಯೂದು" ಎಂದರೆ ನಮ್ಮ ಕಡೆ ಹುಚ್ಚಾಸ್ಪತ್ರೆಗೆ ಒಯ್ಯುವುದು ಎಂದೇ ಅರ್ಥ. ಆ ಮಾತು ಕಿವಿಗೆ ಬಿದ್ದಾಗಿನಿಂದ ಅವ್ವ ಅಳುವುದನ್ನು ನಿಲ್ಲಿಸಿಲ್ಲ. ಇದು ಹುಚ್ಚಿನ ಪರೀಕ್ಷೆಯೇ? ಪಿಯುಸಿವರೆಗೆ ಕನ್ನಡದಲ್ಲೇ ಓದಿದವನಿಗೆ ಕನ್ನಡದಲ್ಲಿ ಮಾಡುತ್ತಾರೆಯೇ? ಪರೀಕ್ಷೆಯ ನಂತರ ಚಿಕಿತ್ಸೆ ಎಂಬುದು ಇದೆಯೋ, ಬರೀ ಕಾಗದ ಕೊಟ್ಟು ಕಳಿಸುತ್ತಾರೋ? ಅವನ ಹೆಂಡತಿ ಮೊಬೈಲಿನಲ್ಲಿ ಮೆದುಳಿನ ವ್ಯಾಯಾಮದ ಆಟವೊಂದನ್ನು ಹಾಕಿಕೊಟ್ಟಿದ್ದಾಳೆ, ಅದರಿಂದ ಉಪಯೋಗವಿದೆಯೇ? ತಿಳಿದವರು ದಯವಿಟ್ಟು ಹೇಳಿರಿ.

ಉತ್ತರ 1: ಬೆಟಗೇರಿಯವರು

ಅಕ್ಕಾ, ಮೊದಲು ನಿಮ್ಮ ಅವ್ವನವರಿಗೆ ಸಮಾಧಾನ ಹೇಳಿರಿ. ಎರಡು ವರ್ಷದ ಹಿಂದೆ ನಾನೂ ಅದೇ ಹೆದರಿಕೆಯಲ್ಲಿ ನಮ್ಮ ಯಜಮಾನರನ್ನು ಕರೆದುಕೊಂಡು ಗದಗಿನಿಂದ ಬಸ್ ಹತ್ತಿದ್ದೆ, ಮನೆಯವರಿಗೆ ಹುಬ್ಬಳ್ಳಿಗೆ ಹೋಗುತ್ತೇವೆ ಎಂದು ಸುಳ್ಳು ಹೇಳಿದ್ದೆ.

ನಮ್ಮವರದು ಅಪಘಾತವಲ್ಲ, ಲಕ್ವ. ಮೆದುಳಿನ ಬಲಭಾಗಕ್ಕೆ ರಕ್ತ ಹೋಗದೆ ಆದದ್ದು. ಎಡಗೈ ಎರಡು ತಿಂಗಳಿಗೆ ಸುಮಾರಾಗಿ ಬಂತು, ಆದರೆ ಬೇರೊಂದು ವಿಚಿತ್ರ ಉಳಿಯಿತು. ತಾಟಿನ ಬಲಗಡೆ ಇದ್ದ ರೊಟ್ಟಿಯನ್ನು ತಿಂದು, ಎಡಗಡೆ ಇದ್ದ ಶೇಂಗಾ ಚಟ್ನಿ, ಬದನೆಕಾಯಿ ಪಲ್ಯ ಎರಡನ್ನೂ ಮುಟ್ಟದೆ, ಪಲ್ಯ ಹಾಕಿಲ್ಲ ಎಂದು ನನ್ನ ಮೇಲೆಯೇ ಸಿಟ್ಟು ಮಾಡುತ್ತಿದ್ದರು. ನಾನು ತಾಟನ್ನು ತಿರುಗಿಸಿ ಇಟ್ಟರೆ, ಈಗ ಹಾಕಿದಿ ಎನ್ನುತ್ತಿದ್ದರು. ಕಣ್ಣಿನ ಡಾಕ್ಟರು ನೋಡಿ ಕಣ್ಣಿನಲ್ಲಿ ದೋಷವಿಲ್ಲ ಎಂದರು. ಮಗ್ಗದ ಮೇಲೆ ಕುಳಿತರೆ ಬಲ ದಡಿಯಲ್ಲಿ ಒಂದು ಎಳೆ ತಪ್ಪುತ್ತಿರಲಿಲ್ಲ, ಎಡ ದಡಿಯಲ್ಲಿ ಹಾಸಿನ ಎಳೆಗಳು ಹರಿದು ಜೋತುಬಿದ್ದಿದ್ದರೂ ಲಾಳಿ ಓಡಿಸುತ್ತಲೇ ಇರುತ್ತಿದ್ದರು.

ಪರೀಕ್ಷೆಯಲ್ಲಿ ಅವರಿಗೆ ಒಂದು ಗೆರೆ ಕೊಟ್ಟು ನಟ್ಟನಡುವೆ ಗುರುತು ಹಾಕಲು ಹೇಳಿದರು, ಇವರು ಬಹಳ ಬಲಕ್ಕೆ ಹಾಕಿದರು. ಹಾಳೆಯ ತುಂಬ ಚದುರಿದ್ದ ಚಿಹ್ನೆಗಳನ್ನು ಹೊಡೆದುಹಾಕಲು ಹೇಳಿದರೆ ಎಡ ಅರ್ಧವನ್ನು ಹಾಗೆಯೇ ಬಿಟ್ಟರು. ಕಣ್ಣು ಕಾಣುತ್ತದೆ, ಮೆದುಳು ಎಡಗಡೆಗೆ ಗಮನ ಕೊಡುತ್ತಿಲ್ಲ ಎಂದು ಅಲ್ಲಿಯ ಮೇಡಂ ನನಗೆ ಅರ್ಥವಾಗುವ ಹಾಗೆ ಹೇಳಿದ ದಿನ, ಇಷ್ಟು ದಿನ ಇವರು ಹಟಕ್ಕೆ ಹೀಗೆ ಮಾಡುತ್ತಾರೆ ಎಂದುಕೊಂಡದ್ದಕ್ಕೆ ನನಗೇ ನಾಚಿಕೆಯಾಯಿತು. ಆಮೇಲೆ ಎಡ ದಡಿಗೆ ಒಂದು ಅಗಲವಾದ ಕೆಂಪು ಪಟ್ಟಿ ಕಟ್ಟಿಸಿದರು. ಪ್ರತಿ ಸಲ ಕೈ ನಿಲ್ಲಿಸಿದಾಗ ಮೊದಲು ಆ ಕೆಂಪನ್ನು ಹುಡುಕಿ, ಅಲ್ಲಿಂದ ಬಲಕ್ಕೆ ಕಣ್ಣು ತರಬೇಕು. ಓದುವ ಪೇಪರಿನ ಎಡ ಅಂಚಿಗೂ ಅದೇ ರೀತಿ ಕೆಂಪು ಗೆರೆ. ಆರು ತಿಂಗಳು ನಾನು ಪಕ್ಕದಲ್ಲಿ ಕುಳಿತು "ಕೆಂಪು" ಎಂದು ಹೇಳುತ್ತಲೇ ಇದ್ದೆ. ಈಗ ಅವರೇ ಹುಡುಕಿಕೊಳ್ಳುತ್ತಾರೆ, ದಣಿದಾಗ ಮಾತ್ರ ತಪ್ಪುತ್ತದೆ.

ಉತ್ತರ 2: ಧಾರವಾಡದ ಮನಶ್ಶಾಸ್ತ್ರಜ್ಞ

ಅಕ್ಕನವರೇ, ನಾನು ಧಾರವಾಡದಲ್ಲಿ ಕ್ಲಿನಿಕಲ್ ಸೈಕಾಲಜಿಸ್ಟ್ ಆಗಿದ್ದೇನೆ, ತಲೆಗೆ ಪೆಟ್ಟಾದವರ ಮತ್ತು ಪಾರ್ಶ್ವವಾಯು ಆದವರ ಪರೀಕ್ಷೆ ನನ್ನ ದಿನನಿತ್ಯದ ಕೆಲಸ. ನಿಮ್ಮ ತಮ್ಮನವರನ್ನು ನೋಡದೆ ರೋಗನಿರ್ಣಯ ಹೇಳುವುದು ಸರಿಯಲ್ಲ, ಆದರೆ ತಾಟಿನ ಮುಂದೆ ಕುಳಿತು ಕೈ ಹಾಕದಿರುವುದು, ತನಗೇನೂ ಆಗಿಲ್ಲ ಎನ್ನುವುದು, ಕಾರಣಕ್ಕೆ ಮೀರಿದ ಸಿಟ್ಟು ಬಂದು ಅಷ್ಟೇ ಬೇಗ ಇಳಿಯುವುದು, ಈ ಮೂರನ್ನೂ ನೀವು ಬರೆದ ರೀತಿಯನ್ನು ನೋಡಿದರೆ ಮೆದುಳಿನ ಮುಂಭಾಗಕ್ಕೆ ಪೆಟ್ಟಾದವರ ಮನೆಯವರು ನಮ್ಮೆದುರು ಕುಳಿತು ಹೇಳುವ ಮಾತುಗಳೇ ನೆನಪಾಗುತ್ತವೆ. ಅದು ಸೋಮಾರಿತನವೂ ಅಲ್ಲ, ಸೊಕ್ಕೂ ಅಲ್ಲ. ಕೆಲಸವನ್ನು ತಾನಾಗಿ ಶುರು ಮಾಡುವುದು, ನಡುವೆ ಬಿಡದೆ ಸಾಗಿಸುವುದು, ಬಂದ ಸಿಟ್ಟನ್ನು ತಡೆಯುವುದು, ತನ್ನ ತಪ್ಪನ್ನು ತಾನು ಗಮನಿಸುವುದು, ಇವೆಲ್ಲ ಆ ಭಾಗದ ಕೆಲಸ. ತನ್ನಲ್ಲಿ ಕೊರತೆಯಿದೆ ಎಂದು ತಿಳಿಯುವ ಶಕ್ತಿಗೇ ಪೆಟ್ಟು ಬಿದ್ದಿರುವಾಗ ಅವರೊಡನೆ ವಾದ ಮಾಡಿ ಒಪ್ಪಿಸಲು ಹೋಗುವುದು ವ್ಯರ್ಥ.

ಸ್ಕ್ಯಾನ್ ನಾರ್ಮಲ್ ಎಂದ ವೈದ್ಯರು ಸುಳ್ಳು ಹೇಳಿಲ್ಲ. ಸಿಟಿ ಸ್ಕ್ಯಾನ್‌ನಲ್ಲಿ ರಕ್ತಸ್ರಾವ, ಮೂಳೆಯ ಬಿರುಕು, ಬಾವು ಕಾಣುತ್ತವೆ, ಮತ್ತೆ ಆಪರೇಷನ್ ಬೇಕೇ ಬೇಡವೇ ಎಂಬ ಪ್ರಶ್ನೆಗೆ ಅದು ಉತ್ತರ ಕೊಡುತ್ತದೆ. ವೇಗವಾಗಿ ಹೋಗುವ ತಲೆ ಥಟ್ಟನೆ ನಿಂತಾಗ ಒಳಗಿನ ಮೆದುಳು ತಿರುಚಿಕೊಂಡು, ಒಂದು ಭಾಗದಿಂದ ಇನ್ನೊಂದು ಭಾಗಕ್ಕೆ ಸುದ್ದಿ ಒಯ್ಯುವ ಸೂಕ್ಷ್ಮ ನರತಂತುಗಳು ಎಳೆದಂತಾಗಿ ಹಾಳಾಗುತ್ತವೆ. ಇಂಥ ಹಾನಿಯ ಬಹುಪಾಲು ಸಿಟಿಯಲ್ಲಿ ಕಾಣುವುದಿಲ್ಲ, ಎಂಆರ್‌ಐಯಲ್ಲಿಯೂ ಕೆಲವು ಸಲ ಪೂರ್ತಿ ಕಾಣುವುದಿಲ್ಲ. ಡಿಸ್ಚಾರ್ಜ್ ಕಾಗದವನ್ನು ತೆಗೆದು ನೋಡಿರಿ, ಅದರಲ್ಲಿ ಜಿಸಿಎಸ್ ಎಂದು ಒಂದು ಅಂಕಿ ಇರುತ್ತದೆ. ಪೆಟ್ಟಾದವರು ಎಷ್ಟು ಎಚ್ಚರದಲ್ಲಿದ್ದಾರೆ ಎಂದು ತಿಳಿಯಲು ಗ್ಲಾಸ್ಗೋದ ಇಬ್ಬರು ನರಶಸ್ತ್ರಚಿಕಿತ್ಸಕರು, ಟೀಸ್‌ಡೇಲ್ ಮತ್ತು ಜೆನೆಟ್, 1974ರಲ್ಲಿ ತಂದ ಅಳತೆ ಅದು (ಗ್ಲಾಸ್ಗೋ ಕೋಮಾ ಸ್ಕೇಲ್). 3ರಿಂದ 15ರವರೆಗೆ ಇರುತ್ತದೆ. 13ರಿಂದ 15 ಸೌಮ್ಯ, 9ರಿಂದ 12 ಮಧ್ಯಮ, 8 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ತೀವ್ರ ಪೆಟ್ಟು. ಅದರ ಜೊತೆಗೆ, ಅಪಘಾತದ ನಂತರ ದಿನದಿನದ ನೆನಪು ಮತ್ತೆ ಸರಣಿಯಾಗಿ ಉಳಿಯತೊಡಗಿದ್ದು ಎಷ್ಟು ದಿನಕ್ಕೆ ಎಂಬುದನ್ನೂ ನೆನಪು ಮಾಡಿ ಬರೆದಿಟ್ಟುಕೊಳ್ಳಿರಿ. ನಾವು ಮೊದಲು ಕೇಳುವುದು ಅದನ್ನೇ.

ಪರೀಕ್ಷೆ ಹುಚ್ಚಿನದಲ್ಲ. ಗಮನ, ನೆನಪು, ಮಾತು, ನೋಡಿ ಗ್ರಹಿಸುವುದು, ಯೋಜನೆ, ಕೆಲಸದ ವೇಗ, ಇವುಗಳನ್ನು ಒಂದೊಂದಾಗಿ ಅಳೆದು, ಎಲ್ಲಿ ಬಲ ಉಳಿದಿದೆ, ಎಲ್ಲಿ ಕುಸಿದಿದೆ ಎಂದು ತಿಳಿಯುವ ಕೆಲಸ. ಅರ್ಧ ಹೊತ್ತು ಮನೆಯವರ ಮಾತನ್ನು ಕೇಳುವುದಕ್ಕೇ ಹೋಗುತ್ತದೆ, ಹೋಗಲೇಬೇಕು. ಪರೀಕ್ಷೆಗೆ ಮೂರು, ನಾಲ್ಕು ಗಂಟೆ ಬೇಕಾಗುವುದರಿಂದ ಎರಡು, ಮೂರು ಬಾರಿ ಕರೆಯುತ್ತಾರೆ. ಭಾಷೆಯ ಬಗ್ಗೆ ನೀವು ಕೇಳಿದ್ದು ಬಹಳ ಮುಖ್ಯವಾದ ಪ್ರಶ್ನೆ. ಬೆಂಗಳೂರಿನ ನಿಮ್ಹಾನ್ಸ್ 2004ರಲ್ಲಿ ಪ್ರಕಟಿಸಿದ ಪರೀಕ್ಷಾಮಾಲೆಯಲ್ಲಿ, ಒಬ್ಬನ ಅಂಕವನ್ನು ಅವನ ವಯಸ್ಸು, ಲಿಂಗ, ಓದು ಇವುಗಳಿಗೆ ಹೊಂದುವ ಆರೋಗ್ಯವಂತ ಭಾರತೀಯರ ಅಂಕದೊಂದಿಗೆ ಹೋಲಿಸುವ ವ್ಯವಸ್ಥೆಯಿದೆ. ಪಿಯುಸಿ ಓದಿದ ಗುಮಾಸ್ತರನ್ನು ವಿದೇಶದ ಕಾಲೇಜು ವಿದ್ಯಾರ್ಥಿಗಳ ಅಂಕದೊಂದಿಗೆ ಹೋಲಿಸಿದರೆ ಇಲ್ಲದ ರೋಗ ಕಾಣಿಸುತ್ತದೆ, ಇರುವ ರೋಗ ಮರೆಯಾಗುತ್ತದೆ. ಒಂದು ನಿಮಿಷದಲ್ಲಿ ಒಂದು ಅಕ್ಷರದಿಂದ ಶುರುವಾಗುವ ಪದಗಳನ್ನು ಹೇಳಿಸುವ ಪರೀಕ್ಷೆಯನ್ನು ಕನ್ನಡದ ಅಕ್ಷರಗಳಿಂದಲೇ ಮಾಡುತ್ತೇವೆ. ಹದಿನೈದು ಪದಗಳ ಪಟ್ಟಿಯನ್ನು ಐದು ಸಲ ಓದಿ ಹೇಳಿಸಿ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕೇಳುತ್ತೇವೆ. ಆ ಪದಗಳನ್ನು ಇಲ್ಲಿ ಬರೆಯುವುದಿಲ್ಲ, ಮೊದಲೇ ಗೊತ್ತಿದ್ದರೆ ಪರೀಕ್ಷೆಯೇ ಕೆಡುತ್ತದೆ. ಯೂಟ್ಯೂಬಿನಲ್ಲಿ ಹುಡುಕಿ ಅಭ್ಯಾಸ ಮಾಡಿಸಿಕೊಂಡು ಬರುವ ಮನೆಯವರೂ ಇದ್ದಾರೆ, ದಯವಿಟ್ಟು ಹಾಗೆ ಮಾಡಬೇಡಿರಿ.

ಇದರಲ್ಲಿ ಅಂಕಕ್ಕಿಂತ ತಪ್ಪಿನ ಬಗೆ ಹೆಚ್ಚು ಹೇಳುತ್ತದೆ. ಒಬ್ಬರು ಅರ್ಧ ಗಂಟೆಯ ನಂತರ ತಾವಾಗಿ ನಾಲ್ಕೇ ಪದ ಹೇಳುತ್ತಾರೆ, ಆದರೆ ನಾವು ಪದಗಳನ್ನು ಓದಿ ಇದು ಇತ್ತೇ, ಇರಲಿಲ್ಲವೇ ಎಂದು ಕೇಳಿದರೆ ಹದಿನಾಲ್ಕನ್ನು ಗುರುತಿಸುತ್ತಾರೆ. ಇನ್ನೊಬ್ಬರು ತಾವಾಗಿಯೂ ಹೇಳುವುದಿಲ್ಲ, ಗುರುತಿಸುವುದೂ ಇಲ್ಲ. ಮನೆಯಲ್ಲಿ ಇಬ್ಬರಿಗೂ ಮರೆವು ಎಂದೇ ಹೆಸರು. ಮೊದಲನೆಯವರಲ್ಲಿ ವಿಷಯ ಒಳಗೆ ಇದೆ, ಹೊರತೆಗೆಯುವ ದಾರಿ ಕೆಟ್ಟಿದೆ. ಅವರಿಗೆ ಒಂದು ಸುಳಿವು, ಒಂದು ಚೀಟಿ, ಒಂದು ಅಲಾರಂ ಸಾಕಾಗುತ್ತದೆ. ಎರಡನೆಯವರಲ್ಲಿ ವಿಷಯ ಒಳಗೆ ಕೂತೇ ಇಲ್ಲ. ಅವರಿಗೆ ಒಂದೇ ಕೆಲಸವನ್ನು ತಪ್ಪಲು ಆಸ್ಪದ ಕೊಡದೆ, ಸಣ್ಣ ಸಣ್ಣ ಹೆಜ್ಜೆಯಾಗಿ ಅನೇಕ ಸಲ ಮಾಡಿಸಿ ಕೈಗೆ ರೂಢಿ ಮಾಡಬೇಕಾಗುತ್ತದೆ. ಈ ವ್ಯತ್ಯಾಸವನ್ನು ಯಾವ ಸ್ಕ್ಯಾನೂ ಹೇಳುವುದಿಲ್ಲ.

ಚಿಕಿತ್ಸೆ ಖಂಡಿತ ಇದೆ, ಆದರೆ ಅದು ಇಂಜೆಕ್ಷನ್ನಿನ ಹಾಗೆ ಕೆಲಸ ಮಾಡುವುದಿಲ್ಲ. ಬೆಟಗೇರಿಯವರು ಬರೆದ ಕೆಂಪು ಪಟ್ಟಿಯೇ ಅದಕ್ಕೆ ಒಳ್ಳೆಯ ಉದಾಹರಣೆ: ಮನುಷ್ಯನ ಸ್ವಂತ ಕೆಲಸವನ್ನು ಹಿಡಿದು, ಉಳಿದಿರುವ ಬಲದ ಮೇಲೆ ಅದನ್ನು ಮತ್ತೆ ಕಟ್ಟುವುದು. ಎರಡನೆಯ ಮಹಾಯುದ್ಧದ ಗಾಯಾಳು ಸೈನಿಕರೊಡನೆ ಕೆಲಸ ಮಾಡಿದ ಸೋವಿಯತ್ ವಿಜ್ಞಾನಿ ಲೂರಿಯಾ, ಮೆದುಳಿನ ಒಂದು ಕೆಲಸ ಒಂದೇ ಜಾಗದಲ್ಲಿ ಇರುವುದಿಲ್ಲ, ಹಲವು ಭಾಗಗಳು ಕೂಡಿ ಅದನ್ನು ಮಾಡುತ್ತವೆ, ಆದ್ದರಿಂದ ಒಂದು ಭಾಗ ಕೆಟ್ಟರೆ ಬೇರೆ ದಾರಿಯಿಂದ ಅದೇ ಕೆಲಸಕ್ಕೆ ಹೋಗಬಹುದು ಎಂದು ತೋರಿಸಿದರು. ಇಂದಿನ ಪುನಶ್ಚೇತನದ ಬಹುಭಾಗ ಆ ಆಲೋಚನೆಯ ಮೇಲೆಯೇ ನಿಂತಿದೆ. ನಿಮ್ಮ ತಮ್ಮನವರ ವಿಷಯದಲ್ಲಿ ರೈತರ ಪಟ್ಟಿಯನ್ನೇ ಹಿಡಿಯಬಹುದು: ಚೀಲ, ತೂಕ, ದರ, ದಲಾಲಿ, ಹಮಾಲಿ, ಉಳಿದ ಮೊತ್ತ ಎಂದು ಮುದ್ರಿಸಿದ ಒಂದು ಕಾರ್ಡು, ಒಂದನ್ನು ಬರೆದ ಮೇಲೆ ಅದರ ಮುಂದೆ ಗುರುತು, ಆಮೇಲೆಯೇ ಮುಂದಿನದು. ಎಲ್ಲಿ ನಿಂತೆ ಎಂಬುದನ್ನು ತಲೆ ನೆನಪಿಡಬೇಕಾಗಿಲ್ಲ, ಕಾರ್ಡು ಹೇಳುತ್ತದೆ. ಮೊಬೈಲ್ ಆಟದ ಬಗ್ಗೆ ಹೇಳುವುದಾದರೆ, ಆಡಿದಷ್ಟೂ ಆ ಆಟದಲ್ಲಿ ಜಾಣರಾಗುತ್ತಾರೆ, ಆದರೆ ಆ ಜಾಣತನ ಅಂಗಡಿಯ ಲೆಕ್ಕಕ್ಕೆ ಅಷ್ಟಾಗಿ ಇಳಿದುಬರುವುದಿಲ್ಲ. ದುಡ್ಡು ಕೊಟ್ಟು ತೆಗೆದುಕೊಳ್ಳಬೇಡಿರಿ.

ಬರುವ ಮೊದಲು ಒಂದು ಮುಖ್ಯ ಮಾತು. ಫಿಟ್ಸಿಗೆ ಕೊಟ್ಟ ಗುಳಿಗೆಯ ಹೆಸರನ್ನು ನೋಡಿರಿ. ಲೆವೆಟಿರಾಸೆಟಮ್ ಆಗಿದ್ದರೆ, ಕೆಲವರಲ್ಲಿ ಅದೇ ಸಿಡುಕನ್ನು ಹೆಚ್ಚಿಸುತ್ತದೆ. ಹಾಗೆಂದು ನೀವಾಗಿ ನಿಲ್ಲಿಸಿದರೆ ಫಿಟ್ಸ್ ಒಂದರ ಹಿಂದೊಂದು ಬಂದು ಜೀವಕ್ಕೇ ಅಪಾಯವಾದೀತು. ಬರೆದುಕೊಟ್ಟ ವೈದ್ಯರಿಗೇ ಸಿಟ್ಟಿನ ವಿಷಯ ಹೇಳಿ, ಬದಲಿಸಬೇಕೇ ಎಂದು ಕೇಳಿರಿ. ನಿದ್ದೆ ಕೆಟ್ಟಿದ್ದರೆ, ಥೈರಾಯ್ಡ್ ಅಥವಾ ಬಿ12 ಕಡಿಮೆಯಿದ್ದರೆ, ಕುಡಿತವಿದ್ದರೆ, ಮನಸ್ಸು ಕುಗ್ಗಿದ್ದರೆ ನೆನಪು ಇನ್ನಷ್ಟು ಕೆಡುತ್ತದೆ, ಇವನ್ನೆಲ್ಲ ಮೊದಲು ನೋಡಿಸಬೇಕು. ತಲೆನೋವು ದಿನದಿಂದ ದಿನಕ್ಕೆ ಏರುವುದು, ವಾಂತಿ, ಎಬ್ಬಿಸಿದರೂ ಏಳದಂಥ ನಿದ್ದೆ, ಮೂಗಿನಿಂದ ತಿಳಿನೀರು ಸೋರುವುದು ಕಂಡರೆ ನಮ್ಮಲ್ಲಿಗಲ್ಲ, ಆ ಕ್ಷಣವೇ ತುರ್ತು ವಿಭಾಗಕ್ಕೆ ಹೋಗಬೇಕು.

ಎಲ್ಲಿಗೆ ಎಂದರೆ, ನಿಮಗೆ ಹತ್ತಿರದ ಸರ್ಕಾರಿ ಜಾಗ ಧಾರವಾಡದ ಡಿಮ್ಹಾನ್ಸ್. ಹತ್ತೊಂಬತ್ತನೇ ಶತಮಾನದಿಂದ ಇದ್ದ ಹಳೆಯ ಮಾನಸಿಕ ಆಸ್ಪತ್ರೆಯೇ ಅದು, ಅವ್ವನವರ ಅಳುವಿಗೆ ಕಾರಣವೂ ಆ ಹಳೆಯ ಹೆಸರೇ. ಈಗ ಅದರ ಹೆಸರಿನಲ್ಲಿಯೇ ನರವಿಜ್ಞಾನ ಸೇರಿದೆ. ಆಪರೇಷನ್ ಮಾಡಿದ ವೈದ್ಯರಿಂದ ಒಂದು ಪತ್ರ, ಡಿಸ್ಚಾರ್ಜ್ ಕಾಗದ, ಸ್ಕ್ಯಾನ್ ಫಿಲ್ಮು ತೆಗೆದುಕೊಂಡು ಹೊರರೋಗಿ ಚೀಟಿ ಮಾಡಿಸಿ, ಕ್ಲಿನಿಕಲ್ ಸೈಕಾಲಜಿ ವಿಭಾಗದಲ್ಲಿ ನ್ಯೂರೋಸೈಕಾಲಜಿ ಪರೀಕ್ಷೆ ಎಂದು ಸ್ಪಷ್ಟವಾಗಿ ಕೇಳಿರಿ. ಬರೀ ಮರೆವು ಎಂದರೆ ಹತ್ತು ನಿಮಿಷದ ಸಣ್ಣ ತಪಾಸಣೆಯಲ್ಲಿ ಮುಗಿದುಹೋಗಬಹುದು, ಮತ್ತು ಮುಂಭಾಗದ ತೊಂದರೆ ಅಂಥ ತಪಾಸಣೆಯಲ್ಲಿ ಸುಲಭವಾಗಿ ತಪ್ಪಿಸಿಕೊಳ್ಳುತ್ತದೆ. ಖಾಸಗಿಯಾಗಿ ಮಾಡಿಸುವುದಿದ್ದರೆ, ಪರೀಕ್ಷೆ ಮಾಡುವವರು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ಕ್ಲಿನಿಕಲ್ ಸೈಕಾಲಜಿಸ್ಟ್ ಎಂದು ನೋಂದಾಯಿತರೇ ಎಂದು ಕೇಳಲು ಸಂಕೋಚ ಬೇಡ. ನಾಲ್ಕೂವರೆ ತಿಂಗಳು ಪರೀಕ್ಷೆಗೆ ಒಳ್ಳೆಯ ಹೊತ್ತು. ಮೊದಲ ಆರು ತಿಂಗಳಲ್ಲಿ ಚೇತರಿಕೆ ವೇಗವಾಗಿರುತ್ತದೆ, ಅನಂತರವೂ ನಿಧಾನವಾಗಿ ನಡೆದಿರುತ್ತದೆ.

ಉತ್ತರ 3: ಹಾವೇರಿಯ ವಕೀಲ

ವಿಷಯಕ್ಕೆ ಸಂಬಂಧಿಸಿದ ಒಂದು ಮಾತನ್ನು ಸೇರಿಸುತ್ತೇನೆ. ಮೋಟಾರು ವಾಹನ ಕಾಯ್ದೆಯ 166ನೇ ಕಲಮಿನ ಅಡಿ ಪರಿಹಾರದ ಅರ್ಜಿ ಹಾಕಿದ್ದೀರಾ? 2022ರ ಏಪ್ರಿಲ್ 1ರಿಂದ ಜಾರಿಗೆ ಬಂದ ತಿದ್ದುಪಡಿಯಲ್ಲಿ ಅಪಘಾತವಾದ ದಿನದಿಂದ 6 ತಿಂಗಳ ಗಡುವು ಹೇಳಿದೆ, ನಿಮಗೆ ಉಳಿದಿರುವುದು ಒಂದೂವರೆ ತಿಂಗಳು, ಈ ವಾರವೇ ನಿಮ್ಮ ವಕೀಲರನ್ನು ಕಾಣಿರಿ. ಹೆಲ್ಮೆಟ್ ಇರಲಿಲ್ಲ ಎಂಬುದನ್ನು ವಿಮಾ ಕಂಪನಿ ಎತ್ತಿಯೇ ಎತ್ತುತ್ತದೆ. ಕೈಕಾಲು ಚೆನ್ನಾಗಿರುವವನಿಗೆ ಅಂಗವೈಕಲ್ಯ ಎಲ್ಲಿದೆ ಎಂದೂ ಕೇಳುತ್ತದೆ. ಆಗ ಬೇಕಾಗುವುದು ಈ ಪರೀಕ್ಷೆಯ ವರದಿ. ರಾಜ್ ಕುಮಾರ್ ವಿರುದ್ಧ ಅಜಯ್ ಕುಮಾರ್ ಪ್ರಕರಣದಲ್ಲಿ 2010ರಲ್ಲಿ ಸುಪ್ರೀಂ ಕೋರ್ಟು, ದೇಹದ ಅಂಗವೈಕಲ್ಯದ ಶೇಕಡಾವಾರು ಬೇರೆ, ಆ ವ್ಯಕ್ತಿಯ ದುಡಿಮೆಯ ಶಕ್ತಿಯಲ್ಲಿ ಆದ ನಷ್ಟ ಬೇರೆ, ಅವನು ಮಾಡುತ್ತಿದ್ದ ಉದ್ಯೋಗವನ್ನು ನೋಡಿಯೇ ಎರಡನೆಯದನ್ನು ನಿರ್ಧರಿಸಬೇಕು ಎಂದು ಹೇಳಿದೆ. ಗುಮಾಸ್ತನಿಗೆ ಲೆಕ್ಕದ ಶಕ್ತಿ ಹೋದರೆ ಏನು ಉಳಿಯುತ್ತದೆ ಎಂಬುದನ್ನು ದಲಾಲಿ ಅಂಗಡಿಯ ಮಾಲೀಕರು ಸಾಕ್ಷಿ ಹೇಳಿದರೆ ಇನ್ನೂ ಒಳ್ಳೆಯದು.

ಧಾರವಾಡದ ಮನಶ್ಶಾಸ್ತ್ರಜ್ಞ

ವಕೀಲರು ಹೇಳಿದ್ದು ನಿಜ, ಒಂದು ಎಚ್ಚರಿಕೆಯೊಂದಿಗೆ. ಪರಿಹಾರದ ಆಸೆಗೆ ತಮ್ಮನಿಗೆ ಬೇಕೆಂದೇ ತಪ್ಪು ಉತ್ತರ ಕೊಡು ಎಂದು ಯಾರೂ ಹೇಳಿಕೊಡಬೇಡಿರಿ. ಮನಸ್ಸಿಟ್ಟು ಮಾಡುತ್ತಿದ್ದಾರೆಯೇ ಎಂದು ತಿಳಿಯುವ ಪರೀಕ್ಷೆಗಳೂ ನಮ್ಮಲ್ಲಿವೆ. ಅದರಲ್ಲಿ ಸಿಕ್ಕಿಬಿದ್ದರೆ ನಿಜವಾದ ಕೊರತೆಯನ್ನೂ ಯಾರೂ ನಂಬುವುದಿಲ್ಲ.

ಹಾವೇರಿಯ ಅಕ್ಕ (ಐದು ವಾರಗಳ ನಂತರ)

ಎಲ್ಲರಿಗೂ ಋಣಿಯಾಗಿದ್ದೇನೆ. ಅರ್ಜಿ ಹಾಕಿದೆವು. ಪರೀಕ್ಷೆಯೂ ಎರಡು ದಿನ ನಡೆಯಿತು, ಅವ್ವನನ್ನೂ ಕರೆದುಕೊಂಡು ಹೋಗಿದ್ದೆ. ಹೊರಗೆ ಕಲ್ಲುಬೆಂಚಿನ ಮೇಲೆ ಕುಳಿತು, ಪಕ್ಕದಲ್ಲಿ ಮಗನ ಫಿಟ್ಸಿಗೆ ಬಂದಿದ್ದ ಸವಣೂರಿನ ಅಜ್ಜಿಯೊಂದಿಗೆ ಬುತ್ತಿ ಬಿಚ್ಚಿ ಉಂಡ ಮೇಲೆ ಅವಳ ಹೆದರಿಕೆ ಅರ್ಧ ಇಳಿಯಿತು. ತಮ್ಮನದು ನೀವು ಬರೆದ ಮೊದಲನೆಯ ಬಗೆಯ ಮರೆವಂತೆ: ಪದಗಳನ್ನು ತಾನಾಗಿ ಹೇಳಿದ್ದು ಐದು, ಓದಿ ಕೇಳಿದಾಗ ಗುರುತಿಸಿದ್ದು ಹದಿಮೂರು. ಕೆಲಸ ಶುರು ಮಾಡುವುದರಲ್ಲಿ, ವೇಗದಲ್ಲಿ ಬಹಳ ಹಿಂದಿದ್ದಾನೆ. ಮಾತು ತಿಳಿಯುವುದು, ನೋಡಿ ಗುರುತಿಸುವುದು ಪೂರ್ತಿ ಸರಿಯಿದೆ. ಗುಳಿಗೆ ಲೆವೆಟಿರಾಸೆಟಮ್ಮೇ ಆಗಿತ್ತು, ವೈದ್ಯರು ನಿಧಾನವಾಗಿ ಬೇರೆಯದಕ್ಕೆ ಬದಲಿಸುತ್ತಿದ್ದಾರೆ, ಮಗಳ ಮೇಲಿನ ಸಿಟ್ಟು ಕಡಿಮೆಯಾದಂತೆ ಕಾಣುತ್ತಿದೆ. ಊಟಕ್ಕೆ, ಸ್ನಾನಕ್ಕೆ ಮೊಬೈಲಿನಲ್ಲಿ ಅಲಾರಂ ಇಟ್ಟಿದ್ದೇವೆ, ಅವನ ಹೆಂಡತಿಯ ದನಿಯಲ್ಲೇ ರೆಕಾರ್ಡ್ ಮಾಡಿದ್ದು. ಪಟ್ಟಿಯ ಕಾರ್ಡನ್ನು ಅಂಗಡಿಯ ಮಾಲೀಕರೇ ಮುದ್ರಿಸಿಕೊಟ್ಟರು. ಗುರುವಾರ ಮಾತ್ರ ಬರಲಿ, ಐದು ಪಟ್ಟಿ ಬರೆಯಲಿ, ಗದ್ದಲವಿಲ್ಲದ ಒಳಕೋಣೆಯಲ್ಲಿ ಕೂರಲಿ ಎಂದಿದ್ದಾರೆ. ಕಳೆದ ಗುರುವಾರ ನಾಲ್ಕು ಬರೆದ, ಒಂದರಲ್ಲಿ ಹಮಾಲಿ ಬಿಟ್ಟಿದ್ದ, ಗುರುತಿಲ್ಲದ್ದನ್ನು ನೋಡಿ ತಾನೇ ತಿದ್ದಿದ.

ಈಗ ಹೊಸ ತಕರಾರು ಒಂದಿದೆ. ಅಂಗಡಿಗೆ ಹೋಗುತ್ತೇನೆಂದ ಮೇಲೆ ಬೈಕಿನ ಕೀಲಿ ಕೊಡಿ ಎಂದು ದಿನವೂ ಕೇಳುತ್ತಾನೆ. ಕೊಡಬಹುದೇ?

ಧಾರವಾಡದ ಮನಶ್ಶಾಸ್ತ್ರಜ್ಞ

ಈಗ ಬೇಡ. ಫಿಟ್ಸ್ ಬಂದಿದೆ, ಗುಳಿಗೆ ಬದಲಾಗುತ್ತಿದೆ, ವೇಗದ ಪರೀಕ್ಷೆಯಲ್ಲಿ ಹಿಂದಿದ್ದಾರೆ. ಎದುರಿನ ದೀಪವನ್ನು ಕಂಡ ಮೇಲೆ ಬ್ರೇಕು ಹಿಡಿಯಲು ತಗಲುವ ಹೊತ್ತು ಅದೇ ವೇಗದ ಮೇಲೆ ನಿಂತಿದೆ. ನರರೋಗ ವೈದ್ಯರು ಬರೆದುಕೊಡುವವರೆಗೆ, ಮತ್ತು ಆರು ತಿಂಗಳ ನಂತರ ನಾವು ಮರುಪರೀಕ್ಷೆ ಮಾಡುವವರೆಗೆ ಬಸ್ಸಿನಲ್ಲೇ ಕಳಿಸಿರಿ. ಕೀಲಿಯನ್ನು ಬಚ್ಚಿಟ್ಟು ಜಗಳಕ್ಕೆ ಆಸ್ಪದ ಕೊಡುವುದಕ್ಕಿಂತ, ಬೈಕನ್ನೇ ಸ್ವಲ್ಪ ಕಾಲ ಬೇರೆ ಸಂಬಂಧಿಕರ ಮನೆಯಲ್ಲಿ ನಿಲ್ಲಿಸಿರಿ. ಕಣ್ಣಿಗೆ ಬೀಳದ ವಸ್ತುವನ್ನು ಅವರು ಸದ್ಯಕ್ಕೆ ಅಷ್ಟಾಗಿ ಕೇಳುವುದಿಲ್ಲ.